ಊಟದ ಹೊತ್ತಿಗೆ ಏರುವ ಮುಳ್ಳು

ಮಾರ್ಚ್ 3, ಮಂಗಳವಾರ

ಇದೊಂದನ್ನು ಬರೆಯದೆ ಪುಟ ಮಗುಚಿಬಿಡೋಣ ಎಂದುಕೊಂಡಿದ್ದೆ. ಆದರೆ ಯಾರೂ ಓದದ ಪುಸ್ತಕದಲ್ಲೂ ಮುಚ್ಚಿಟ್ಟರೆ ಇನ್ನೆಲ್ಲಿ ಬಿಚ್ಚಲಿ? ಇವತ್ತು ಮಧ್ಯಾಹ್ನ ಕಾರ್ಖಾನೆಯಲ್ಲಿ ಗ್ಯಾಸ್ ನಿಂತು, ಭಟ್ಟಿಯ ಮುಂದೆ ಎಲ್ಲರೂ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾಗ, ನನಗೆ ಒಳಗೊಳಗೇ ಖುಷಿಯಾಯಿತು.

ಯಾಕೆಂದರೆ ಆ ರೆಗ್ಯುಲೇಟರನ್ನು ಹೋದ ವಾರ ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ಜೋಡಿಸಿದವನು ಮೇಷ್ಟ್ರು. ನಿಜವಾದ ಮೇಷ್ಟ್ರೇನಲ್ಲ, ಗುತ್ತಿಗೆ ಕಂಪನಿಯ ಫಿಟ್ಟರ್. ಕೈಗೆ ಸ್ಪ್ಯಾನರ್ ಬಂದರೆ ಬಾಯಿಗೆ ಪಾಠ ಬರುತ್ತದೆಂದು ಆ ಹೆಸರು. ಹೆಸರಲ್ಲೇ ಮರ್ಯಾದೆ ಇದೆಯಲ್ಲ, ನಾನು ಮೇಲೆ ಬಹುವಚನ ಬೇರೆ ಸುರಿಯುವುದಿಲ್ಲ. ಮೊದಲ ದಿನವೇ, ನಾನು ಮ್ಯಾನ್ಯುಯಲ್ ತೆರೆದು ಹಿಡಿದಿದ್ದಾಗ, "ಮೇಡಂ, ಅದನ್ನ ಮುಚ್ಚಿಡಿ. ಹಾಳೆ ಪಟಪಟ ಅಂದ್ರೆ ಗ್ಯಾಸ್ ಸೋರೋ ಸದ್ದು ಕೇಳಲ್ಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕಿದ್ದಕ್ಕೆ ಮನೆಗೆ ಬಂದು ನನ್ನ ಮೇಲೇ ರೇಗಿಕೊಂಡೆ. ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ, ಸಿಟ್ಟು ಮಾತ್ರ ಇವತ್ತಿಗೂ ಕನ್ನಡದಲ್ಲೇ ಬರುತ್ತದೆ.

ನಕ್ಷೆ ಬರೆಯುವ ಡ್ರಾಯಿಂಗ್ ಕೋಣೆ ಬಿಟ್ಟು ಮೇಂಟೆನೆನ್ಸ್‌ಗೆ ಬಂದು ಮೂರು ತಿಂಗಳಾಯಿತು. ನನಗೆ ನಾನೇ ಬಿಡಿಸಿ ಹೇಳಿಕೊಂಡರೆ ಮಾತ್ರ ಯಾವುದೂ ತಲೆಗೆ ಹತ್ತುವುದು. ಹಾಗಾಗಿ ಇನ್ನೊಮ್ಮೆ. ರಸ್ತೆಯ ಕಡೆಯಿಂದ ಗ್ಯಾಸ್ ಭಾರೀ ಜೋರಿನಲ್ಲಿ ಬರುತ್ತದೆ. ರೆಗ್ಯುಲೇಟರ್ ಆ ಜೋರು ಇಳಿಸಿ ನಮ್ಮ ಪಿಂಗಾಣಿ ಭಟ್ಟಿಗೆ ಬೇಕಾದಷ್ಟನ್ನೇ ಬಿಡುತ್ತದೆ. ಗೇಜಿನ ಮುಳ್ಳು ಮುನ್ನೂರು ಮಿಲಿಬಾರಿನಲ್ಲಿ ನಿಲ್ಲಬೇಕು. ಭಟ್ಟಿ ಆರಿಸಿದಾಗ ರೆಗ್ಯುಲೇಟರ್ ಒಳಗಿನ ರಬ್ಬರ್ ಸೀಟು ಬಾಯಿ ಬಿಗಿದುಕೊಳ್ಳಬೇಕು. ಸೀಟಿನಲ್ಲಿ ಗೀರು ಇದ್ದರೆ, ಕಸ ಕೂತಿದ್ದರೆ, ಗ್ಯಾಸ್ ಜಿನುಗಿ ಮುಳ್ಳು ಮೆಲ್ಲಗೆ ಏರುತ್ತದೆ. ನಾನ್ನೂರು ಮುಟ್ಟಿದರೆ ಸೇಫ್ಟಿ ವಾಲ್ವು ಟಪ್ಪನೆ ಮುಚ್ಚಿಕೊಂಡು ಎಲ್ಲವನ್ನೂ ನಿಲ್ಲಿಸುತ್ತದೆ.

ಇವತ್ತು ಅದೇ ಆಯಿತು. ಬೆಳಗಿನ ಸುತ್ತು ಮುಗಿದು ಭಟ್ಟಿ ಆರಿ, ಎಲ್ಲರೂ ಊಟಕ್ಕೆ ಕೂತಿದ್ದಾಗ. ವಾಲ್ವು ಮತ್ತೆ ಎತ್ತಿ ಎಲ್ಲ ಸರಿಮಾಡುವಷ್ಟರಲ್ಲಿ ಭಟ್ಟಿ ತಣ್ಣಗಾಗಿ ಎರಡನೇ ಸುತ್ತು ರದ್ದಾಯಿತು. ಹೋದ ವಾರ ಕಾರ್ಖಾನೆ ನಿಂತಿದ್ದಾಗ ರೆಗ್ಯುಲೇಟರ್ ಬಿಚ್ಚಿದರು, ಗೋಡೆಗೆ ಸುಣ್ಣ ಹೊಡೆದರು, ಅಂಗಳದ ಪೈಪಿನ ಮೇಲಿದ್ದ ಹಳೇ ಶೀಟು ತೆಗೆದರು. ಅಲ್ಲಿಯವರೆಗೆ ಈ ವಾಲ್ವು ಒಮ್ಮೆಯೂ ಹೀಗೆ ಬಿದ್ದು ಮುಚ್ಚಿಕೊಂಡದ್ದಿಲ್ಲ. ಇನ್ನು ಬೇರೆ ಯಾರ ಕಡೆ ನೋಡುವುದು?

ಮಾರ್ಚ್ 5, ಗುರುವಾರ

ಇವತ್ತೂ ಬಿತ್ತು, ಅದೇ ಊಟದ ಹೊತ್ತಿಗೆ.

ಮ್ಯಾನೇಜರ್ ಕರೆದರು. "ಆ ಮನುಷ್ಯನ ಕೈ ಕೆಟ್ಟಿದೆ. ಅವನ ಕಂಪನಿಗೆ ಕಾಗದ ಹೋಗ್ಬೇಕು. ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಅಂತ ನೀವು ವರದಿ ಕೊಡಿ, ನಾನು ಸಹಿ ಹಾಕ್ತೀನಿ."

ಮೇಷ್ಟ್ರು ಬಾಗಿಲ ಹೊರಗೇ ನಿಂತಿದ್ದ. ಎಲ್ಲ ಕೇಳಿಸಿರಬೇಕು. ಇಬ್ಬರೂ ಅಂಗಳಕ್ಕೆ ನಡೆದೆವು.

"ಮೇಡಂ, ನಿಮ್ಮ ವರದಿಲಿ 'ಸೀಟು' ಅಂತ ಬಂದ್ರೆ ನನ್ನ ಲೈಸೆನ್ಸು ಹೋಯ್ತು. ಆಮೇಲೆ ಮನೆಮನೆ ಒಲೆ ಬರ್ನರ್ ಉಜ್ಕೊಂಡಿರ್ಬೇಕು ನಾನು."

"ಬಿಚ್ಚಿ ನೋಡೋಣ."

"ನೋಡಿ. ಕನ್ನಡಕ ಹಾಕ್ಕೊಂಡು ನೋಡಿ."

ಬಿಚ್ಚಿದ. ನಾನು ಟಾರ್ಚ್ ಹಿಡಿದೆ. ಸೀಟಿನ ರಬ್ಬರ್ ಹೊಸದು, ಉಗುರಿನ ತುದಿ ಆಡಿಸಿದರೂ ಎಲ್ಲೂ ತಡೆಯಲಿಲ್ಲ. ಡಯಾಫ್ರಂ ಎಂಬ ತೆಳು ಪೊರೆಯನ್ನು ಬೆಳಕಿಗೆ ಹಿಡಿದೆ, ಸೂಜಿಮೊನೆಯಷ್ಟು ತೂತಿಲ್ಲ. ಉಸಿರಾಡುವ ಕಿಂಡಿಯ ಜಾಲರಿ ಸ್ವಚ್ಛ. ಸ್ಪ್ರಿಂಗ್ ಸರಿ. ಮ್ಯಾನ್ಯುಯಲ್‌ನಲ್ಲಿದ್ದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಪ್ರತಿಯೊಂದಕ್ಕೂ ಅವನು ಭಾಗವನ್ನೇ ಎತ್ತಿ ಕಣ್ಣ ಮುಂದೆ ಹಿಡಿದ.

"ಮತ್ತೆ ಯಾಕೆ ಬೀಳ್ತಿದೆ?" ಎಂದೆ.

"ಬೀದಿ ಪೈಪಿನಿಂದ ಕಸ ಬರ್ತಿರ್ಬೇಕು."

"ಫಿಲ್ಟರ್ ಸ್ವಚ್ಛ ಇದೆಯಲ್ಲ?"

"ಹಾಗಾದ್ರೆ ನಿಮ್ಮ ಗೇಜು ಸುಳ್ಳು ಹೇಳ್ತಿದೆ."

ಗೇಜು ಬದಲಿಸಿ ನೋಡಿದೆವು. ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಅವನು ಇನ್ನೊಂದು ಪಾಠ ಶುರುಮಾಡಲಿಲ್ಲ. ಹತ್ತಿಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಳ್ಳುತ್ತ ನಿಂತ.

ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಈ ಎರಡನೆಯದು ನನ್ನನ್ನು ಕಾಡುತ್ತಿರುವಷ್ಟು ಮೊದಲನೆಯದು ಸಮಾಧಾನ ಕೊಡುತ್ತಿಲ್ಲ.

ಮಾರ್ಚ್ 7, ಶನಿವಾರ

ನಿನ್ನೆ ಬಿತ್ತು. ಇವತ್ತು ಬೀಳಲಿಲ್ಲ. ನೆನಪಿಸಿಕೊಂಡರೆ ಬುಧವಾರವೂ ಬಿದ್ದಿರಲಿಲ್ಲ. ಗೀರು ಬಿದ್ದ ಸೀಟು ದಿನ ನೋಡಿ ಜಿನುಗುತ್ತದೆಯೇ? ಭಟ್ಟಿ ಎಲ್ಲ ದಿನ ಒಂದೇ ಹೊತ್ತಿಗೆ ಆರುತ್ತದೆ, ಒಂದೇ ಹೊತ್ತಿಗೆ ಹೊತ್ತುತ್ತದೆ, ಕೆಲಸದವರೂ ಅವರೇ.

ಭಟ್ಟಿ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಭಟ್ಟಿಯಕ್ಕ ಎನ್ನುತ್ತಾರೆ. ಬುಧವಾರಕ್ಕೂ ಶನಿವಾರಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ.

"ಶನಿವಾರ ಮನೆಗೆ ಬೇಗ ಹೋಗ್ಬೋದು ಮೇಡಮ್ಮಾ. ಬುಧವಾರಕ್ಕೆ ಏನೂ ಇಲ್ಲ, ಪಾಪ."

ಮಾರ್ಚ್ 8, ಭಾನುವಾರ

ಅಕ್ಷರ ಹೇಗೆ ಬಂದರೆ ಹಾಗೆ, ಬೇಗ ಬರೆಯುತ್ತೇನೆ.

ಬೆಳಿಗ್ಗೆ ಅತ್ತೆ ಬಟ್ಟೆ ಮಡಚುತ್ತಿದ್ದವರು ಒಂದು ಟವಲ್ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. "ಏನಮ್ಮಾ ಇದು, ಒದ್ದೆ ನಾಯಿ ವಾಸನೆ?"

"ಒಣಗಿತ್ತಲ್ಲ ಅತ್ತೆ."

"ಎಲ್ಲಿಂದ ಒಣಗತ್ತೆ? ನೀನು ಒಗೆಯೋದು ಬುಧವಾರ, ಶನಿವಾರ. ಈ ವಾರ ಆ ಎರಡು ದಿನವೇ ಹುಡುಕಿ ಮೋಡ ಬಂದು ಕೂತಿತ್ತು. ನಿನ್ನ ಬಟ್ಟೆ ಮೇಲೆ ಅದಕ್ಕೇನು ಹಗೆಯೋ."

ನಾನು ಟವಲ್ ಹಿಡಿದುಕೊಂಡು ಹಾಗೇ ನಿಂತೆ. ಅತ್ತೆ ಎರಡು ಸಲ ಕರೆದರಂತೆ. ಇವರು ಪೇಪರಿನಿಂದ ತಲೆಯೆತ್ತಿ, "ಅಮ್ಮಾ, ಅವಳು ಕಾರ್ಖಾನೆಗೆ ಹೋಗಿದ್ದಾಳೆ, ಸಂಜೆ ಬರ್ತಾಳೆ" ಎಂದರು.

ಮೋಡವಿದ್ದ ದಿನ ವಾಲ್ವು ಬಿದ್ದಿಲ್ಲ. ಬಿಸಿಲಿದ್ದ ದಿನ ಬಿದ್ದಿದೆ. ಮತ್ತೆ ಆ ಶೀಟು! ಅಂಗಳದ ಉದ್ದಕ್ಕೂ ಪೈಪಿಗೆ ನೆರಳಾಗಿದ್ದ ಶೀಟು ತೆಗೆದದ್ದೂ ಅದೇ ವಾರ. ಸೋರಿದ ಗ್ಯಾಸ್ ಶೀಟಿನ ಕೆಳಗೆ ಸೇರಿಕೊಳ್ಳುತ್ತದೆ, ತೆಗೆಯಿರಿ ಎಂದು ತಪಾಸಣೆಗೆ ಬಂದವರು ಹೇಳಿ ಹೋಗಿದ್ದರು. ಭಟ್ಟಿ ಆರಿದ ಮೇಲೆ ರೆಗ್ಯುಲೇಟರ್ ಆ ಕಡೆ ಬಾಯಿ ಮುಚ್ಚಿದೆ, ಬರ್ನರ್ ವಾಲ್ವು ಈ ಕಡೆ ಮುಚ್ಚಿದೆ. ನಡುವೆ ಪೈಪಿನಲ್ಲಿ ಸಿಕ್ಕಿಕೊಂಡ ಗ್ಯಾಸ್ ನಡುಹಗಲ ಬಿಸಿಲಿಗೆ ಕಾಯುತ್ತದೆ. ಕಾದ ಗ್ಯಾಸ್ ಹಿಗ್ಗಬೇಕು, ಹಿಗ್ಗಲು ಜಾಗವಿಲ್ಲ. ಹೊರಗಿನಿಂದ ಒಂದು ಗುಟುಕು ಗ್ಯಾಸ್ ಬರದೆಯೂ ಮುಳ್ಳು ಏರಬಹುದು.

ಶಾಲೆಯಲ್ಲಿ ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದ ನಿಯಮ ಇದು. ಗೇಜು ತೋರಿಸದ ಹೊರಗಾಳಿಯ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿದೆ. ಮುಟ್ಟಿದರೆ ಕೈ ಸುಡುವಷ್ಟು ಪೈಪು ಕಾದರೆ ಮುನ್ನೂರು ಧಾರಾಳವಾಗಿ ನಾನ್ನೂರು ದಾಟುತ್ತದೆ.

ನಿಜವೇ? ನನಗೆ ನಿಜವಾಗಿರಬೇಕು ಅನ್ನಿಸುತ್ತಿರುವುದರಿಂದ ಇನ್ನೂ ಹೆಚ್ಚು ಅನುಮಾನ. ನಾಳೆ ಬಿಸಿಲು ಬರಲಿ.

ಮಾರ್ಚ್ 9, ಸೋಮವಾರ

ಸುಡುಬಿಸಿಲು. ವಾಲ್ವು ಬೀಳಲಿಲ್ಲ.

ಮಾರ್ಚ್ 10, ಮಂಗಳವಾರ

ಇವತ್ತೂ ಬಿಸಿಲು, ಇವತ್ತೂ ಬೀಳಲಿಲ್ಲ. ಎರಡು ದಿನವೂ ಊಟದ ಹೊತ್ತಿಗೆ ಸರಿಯಾಗಿ ಮ್ಯಾನೇಜರ್ ಮೀಟಿಂಗ್ ಇಟ್ಟಿದ್ದರು; ಗೇಜಿನ ಹತ್ತಿರ ಹೋಗಲಾಗಲಿಲ್ಲ.

"ನೋಡಿದ್ರಾ, ಬೈದ ಮೇಲೆ ಸರಿಹೋಯ್ತು" ಎಂದರು ಮ್ಯಾನೇಜರ್. "ಏನೋ ಮಾಡಿರ್ತಾನೆ ಒಳಗೊಳಗೇ. ಅಂದ್ರೆ ಮೊದಲು ಅವನದೇ ತಪ್ಪು ಅಂತಾಯ್ತಲ್ಲ? ವರದಿ ಬರೀರಿ."

ಅವರ ತರ್ಕದಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ. ಬಿಸಿಲಿನ ನನ್ನ ಕಥೆಯನ್ನು ಇನ್ನೂ ಯಾರಿಗೂ ಹೇಳದಿದ್ದದ್ದೇ ಒಳ್ಳೆಯದಾಯಿತು. ಸಂಜೆ ವರದಿಯ ಮೊದಲ ಸಾಲು ಟೈಪ್ ಮಾಡಿದೆ: 'ರೆಗ್ಯುಲೇಟರಿನ ದುರಸ್ತಿಯ ನಂತರ.' ಆ 'ನಂತರ'ದಲ್ಲೇ ಎಲ್ಲ ಮುಗಿದುಹೋಗುತ್ತದೆ. ಮುಂದಕ್ಕೆ ಬೆರಳು ಹೋಗಲಿಲ್ಲ.

ಹೊರಡುವಾಗ ಭಟ್ಟಿಯಕ್ಕ ಗೇಟಿನಲ್ಲಿ ಸಿಕ್ಕಳು. ಬಲಗಡೆಯ ಹುಬ್ಬು ಅರ್ಧ ಇರಲಿಲ್ಲ.

"ಇದೇನಕ್ಕ?"

"ಏನಿಲ್ಲ ಮೇಡಮ್ಮಾ, ಖರ್ಚಿಲ್ಲದ ಕ್ಷೌರ. ಎರಡು ದಿನದಿಂದ ಮಧ್ಯಾಹ್ನ ಹೊತ್ತಿಸಿದ ತಕ್ಷಣ ಬೆಂಕಿ ಇಷ್ಟುದ್ದ ನಾಲಿಗೆ ಚಾಚತ್ತೆ. ಆಮೇಲೆ ತಾನೇ ಒಳಗೆಳ್ಕೊಂಡು ಸಾಧು ಆಗತ್ತೆ. ಬೆಳಿಗ್ಗೆ ಹಾಗಿಲ್ಲ."

ಬೆಳಿಗ್ಗೆ ಹಾಗಿಲ್ಲ. ಬಸ್ಸಿನಲ್ಲಿ ಪೂರ್ತಿ ದಾರಿ ಅದೊಂದೇ ಮಾತು. ಹೊತ್ತಿಸಿದ ಕ್ಷಣ ಪೈಪಿನಲ್ಲಿ ಜೋರು ಇತ್ತು ಎಂದಾಯಿತು. ಜೋರು ಇದ್ದರೆ ವಾಲ್ವು ಬೀಳಬೇಕಿತ್ತು. ಬಿದ್ದಿಲ್ಲ.

ಮಾರ್ಚ್ 11, ಬುಧವಾರ

ಮೀಟಿಂಗಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಭಟ್ಟಿಯಕ್ಕನಿಗೆ ನಾನು ಹೇಳುವವರೆಗೆ ಹೊತ್ತಿಸಬೇಡ ಎಂದೆ. ಛತ್ರಿ ಹಿಡಿದುಕೊಂಡು ಗೇಜಿನ ಮುಂದೆ ಕುರ್ಚಿ ಹಾಕಿ ಕೂತೆ. ದಾರಿಯಲ್ಲಿ ಹೋಗುವವರೆಲ್ಲ, ಮೇಡಂ ಏನು ಸಮುದ್ರ ನೋಡ್ತಿದ್ದೀರಾ ಅಂತ ಕೇಳಿ ಹೋದರು.

ಮುಳ್ಳು ಏರುತ್ತ ಹೋಯಿತು. ಕಣ್ಣಿಗೆ ಕಾಣದಷ್ಟು ನಿಧಾನ. ಬೇರೆ ಕಡೆ ನೋಡಿ ತಿರುಗಿದರೆ ಮಾತ್ರ ಏರಿದ್ದು ಗೊತ್ತಾಗುತ್ತಿತ್ತು. ನಾನ್ನೂರು ಮುಟ್ಟಿತು. ದಾಟಿತು. ವಾಲ್ವು ಅಲ್ಲಾಡಲಿಲ್ಲ. ನಾನ್ನೂರ ಮೂವತ್ತರ ಹತ್ತಿರ ಹೋದಾಗ ಎದ್ದು ಸೇಫ್ಟಿ ವಾಲ್ವಿನ ಮುಚ್ಚಳ ಬಿಚ್ಚಿದೆ. ಒಳಗೆ ಹೊಂದಾಣಿಕೆಯ ನಟ್ಟಿನ ಮೇಲೆ, ಯಾರೂ ತಿರುಗಿಸಬಾರದೆಂದು ನಟ್ಟಿಗೂ ಮೈಗೂ ಸೇರಿಸಿ ಎಳೆದ ಕೆಂಪು ಬಣ್ಣದ ಗೆರೆ ಇರುತ್ತದೆ. ಆ ಗೆರೆ ಎರಡು ತುಂಡಾಗಿ, ಅರ್ಧ ಅತ್ತ, ಅರ್ಧ ಇತ್ತ ಕೂತಿತ್ತು. ಅಂದರೆ ವಾಲ್ವು ಬೀಳುವ ಮಿತಿಯನ್ನೇ ಯಾರೋ ಮೇಲಕ್ಕೆ ಏರಿಸಿದ್ದರು.

ಮೇಷ್ಟ್ರಿಗೆ ಹೇಳಿ ಕಳಿಸಿದೆ. ಬಂದ, ಬಿಚ್ಚಿದ ಮುಚ್ಚಳ ನೋಡಿದ, ಬಿಸಿಲಲ್ಲೇ ನೆಲದ ಮೇಲೆ ಕೂತ.

"ಭಾನುವಾರ," ಎಂದ. "ಗೇಟಿನ ಕೀಲಿ ಇಸ್ಕೊಂಡು ಬಂದು ನಟ್ಟು ಬಿಗಿ ಮಾಡ್ದೆ. ಸ್ವಲ್ಪವೇ. ಬೀಳದಿದ್ರೆ ನೀವೆಲ್ಲ ಮರೀತೀರಿ ಅಂದ್ಕೊಂಡೆ."

"ನಾಳೆ ನಿಜವಾಗ್ಲೂ ಸೀಟು ಹರಿದು ಗ್ಯಾಸ್ ನುಗ್ಗಿದ್ರೆ? ಭಟ್ಟಿ ಬಾಗಿಲಲ್ಲಿ ಯಾರು ನಿಂತಿರ್ತಾರೆ?"

ಅವನು ಮುಚ್ಚಳ ಕೈಗೆತ್ತಿಕೊಂಡು ಮಗುಚಿ ನೋಡಿದ.

"ಅವಳ ಹುಬ್ಬು ನೋಡಿದ್ರಾ?"

"ನೋಡ್ದೆ." ತಲೆ ಎತ್ತಲಿಲ್ಲ. "ಒಲೆ ಹತ್ರ ಬಗ್ಗಿದ್ದೆ ಅಂತ ಅವಳೇ ಹೇಳಿದ್ಲು. ಹೌದು ಅಂತ ನಂಬ್ಕೊಂಡೆ. ನಂಬೋದು ಸುಲಭ ಇತ್ತು."

ನನ್ನ ನೀರಿನ ಬಾಟಲಿ ಕೊಟ್ಟೆ. ಕುಡಿದ. ಆಮೇಲೆ ನಾನು ಬಿಸಿಲು, ಶೀಟು, ಮೋಡದ ದಿನಗಳು, ಒದ್ದೆ ಟವಲ್, ಎಲ್ಲ ಹೇಳಿದೆ. ಮೊದಲು ಕಣ್ಣು ಕಿರಿದು ಮಾಡಿ ಕೇಳುತ್ತಿದ್ದವನು, ಹೇಳಿ ಮುಗಿಸುವಷ್ಟರಲ್ಲಿ ಎದ್ದು ಪೈಪಿನ ಮೇಲೆ ಅಂಗೈ ಇಟ್ಟು, ಸುಟ್ಟು, ಕೊಡವಿಕೊಂಡ.

"ಹಾಗಾದ್ರೆ... ನನ್ನ ಕೆಲಸ ಸರಿ ಇತ್ತಾ?"

"ಇತ್ತು ಅಂತ ಕಾಣತ್ತೆ. ನೀವು ಇದನ್ನ ಮುಟ್ಟದೆ ಇದ್ದಿದ್ರೆ ಸೋಮವಾರವೇ ಗೊತ್ತಾಗಿರೋದು. ನಿಮ್ಮ ಸಾಕ್ಷಿಯನ್ನ ನೀವೇ ಬಿಗಿ ಮಾಡಿ ಮುಚ್ಚಿದ್ರಿ."

ಅವನಿಗೆ ನಗು ಬಂತೋ ಅಳು ಬಂತೋ, ಮುಖ ಆ ಕಡೆ ತಿರುಗಿಸಿದ. ನನ್ನ ಎದುರಿಗೇ ವಾಲ್ವನ್ನು ಮೊದಲಿನ ಜಾಗಕ್ಕೆ ತಂದು, ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸಿ, ಹೊಸ ಗೆರೆ ಎಳೆದ. ಆಮೇಲೆ ಪೈಪಿನ ಜೋರು ಇಳಿಸಿ ಭಟ್ಟಿಯಕ್ಕನಿಗೆ ಹೊತ್ತಿಸಲು ಹೇಳಿದೆ.

ಮಾರ್ಚ್ 12, ಗುರುವಾರ

ಇಂಥ ದಿನ ಇನ್ನೂ ಹತ್ತು ಬರಲಿ.

ಊಟದ ಹೊತ್ತಿಗೆ ಮುಂಚೆ ಭಟ್ಟಿ ಆರಿತು. ಬೀದಿಯ ಕಡೆಯ ಕೈವಾಲ್ವನ್ನು ಪೂರ್ತಿ ಮುಚ್ಚಿದೆವು. ಮೇಷ್ಟ್ರು ಅದಕ್ಕೆ ತಮ್ಮದೇ ಬೀಗ ಜಡಿದು ಕೀಲಿ ನನ್ನ ಕೈಗೆ ಕೊಟ್ಟರು. "ಇನ್ನು ನನ್ನ ಮೇಲೆ ಅನುಮಾನ ಬೇಡ. ಹೊರಗಿಂದ ಸೊಳ್ಳೆ ಉಸಿರೂ ಒಳಗೆ ಹೋಗಲ್ಲ."

ರೆಗ್ಯುಲೇಟರಿಗೆ ಗ್ಯಾಸೇ ಇಲ್ಲ. ಅದು ಜಿನುಗಿಸಬೇಕೆಂದರೂ ಜಿನುಗಿಸಲು ಏನೂ ಇಲ್ಲ. ಆದರೂ ಮುಳ್ಳು ಏರಿತು. ಮೇಷ್ಟ್ರು ಒಂದು ಕಡೆ, ನಾನೊಂದು ಕಡೆ, ನಡುವೆ ಭಟ್ಟಿಯಕ್ಕ, ಮೂವರೂ ಒಂದು ಛತ್ರಿಯ ಕೆಳಗೆ. ನಾನ್ನೂರು. ಟಪ್!

ಭಟ್ಟಿಯಕ್ಕ ಹಾರಿಬಿದ್ದಳು. ಮೇಷ್ಟ್ರು, "ಕೇಳಿದ್ರಾ, ಎಷ್ಟು ಚೆನ್ನಾಗಿ ಬಿತ್ತು" ಎಂದರು, ಮಗಳ ಹಾಡು ಕೇಳಿದವರ ಹಾಗೆ.

ಆಮೇಲೆ ಗೋಣಿಚೀಲ ನೀರಲ್ಲಿ ಅದ್ದಿ ಪೈಪಿನ ಉದ್ದಕ್ಕೂ ಹೊದೆಸಿದೆವು. ಹಬೆ ಎದ್ದಿತು. ಮುಳ್ಳು ಸ್ವಲ್ಪ ಹೊತ್ತು ನಿಂತಲ್ಲೇ ನಿಂತು, ಹಿಂದಕ್ಕೆ ಹೊರಟಿತು. ಸೀಟು ಸೋರಿದ್ದರೆ ಹೀಗೆ ಇಳಿಯುತ್ತಿರಲಿಲ್ಲ. ಒಳಬಂದ ಗ್ಯಾಸ್ ಎಲ್ಲಿಗೆ ಹೋಗಬೇಕು?

"ಅಷ್ಟೇನಾ?" ಎಂದಳು ಭಟ್ಟಿಯಕ್ಕ. "ಪೈಪಿಗೆ ಜ್ವರ ಬಂದಿತ್ತು, ನೀವು ಒದ್ದೆ ಬಟ್ಟೆ ಹಾಕಿದ್ರಿ. ಇದಕ್ಕೆ ಇಷ್ಟು ದಿನ ಬೇಕಾಯ್ತಾ ಇಬ್ಬರಿಗೂ?"

ಮೇಷ್ಟ್ರು ಮ್ಯಾನ್ಯುಯಲ್ ಕೇಳಿದರು. ಇಂಥ ಕಡೆ ಸಣ್ಣದೊಂದು ರಿಲೀಫ್ ವಾಲ್ವು ಹಾಕಿ, ಹಿಗ್ಗಿದಷ್ಟನ್ನು ಎತ್ತರದ ಕೊಳವೆಯಿಂದ ಹೊರಗೆ ಬಿಡಬಹುದೆಂದು ಅದರಲ್ಲಿದೆ. ನಾನು ಓದಿದೆ, ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಜಾಗ ಬರೆದರು. ಒಂದು ಕಡೆ ನಾನು ಹೇಳಿದ್ದು ತಪ್ಪು ಎಂದರು. ಹೌದು, ತಪ್ಪಿತ್ತು. ತಿದ್ದಿಕೊಂಡೆ.

ಮಾರ್ಚ್ 13, ಶುಕ್ರವಾರ

ಮ್ಯಾನೇಜರ್ ಅಂಗಳಕ್ಕೆ ಬಂದು ಒದ್ದೆ ಚೀಲ, ಇಳಿದ ಮುಳ್ಳು ಎರಡನ್ನೂ ನೋಡಿದರು.

"ಶೀಟು ತೆಗೆಸಿದ್ದು ನಾನು. ಅದನ್ನೂ ಬರೀತೀರಾ?"

"ತಪಾಸಣೆಯವರು ಹೇಳಿದ್ದರಿಂದ ತೆಗೆಸಿದ್ರಿ ಅಂತ ಬರೀತೀನಿ ಸರ್. ಅದಿಲ್ಲದೆ ಕಾರಣ ಯಾರಿಗೂ ಅರ್ಥ ಆಗಲ್ಲ."

"ನಿಮ್ಮನ್ನ ಈ ಹುದ್ದೆಯಲ್ಲಿ ಕಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲೇ ಇದೆ, ಗೊತ್ತಲ್ಲ?"

"ಗೊತ್ತು ಸರ್. ರಿಲೀಫ್ ವಾಲ್ವಿನ ನಕ್ಷೆಯನ್ನೂ ಅದರ ಪಕ್ಕದಲ್ಲೇ ಇಟ್ಟಿದ್ದೀನಿ. ಅದಕ್ಕೆ ಮೊದಲು ಸಹಿ ಬೇಕು, ಬಿಸಿಲು ಜಾಸ್ತಿಯಾಗ್ತಿದೆ."

ಅವರು ನನ್ನನ್ನು ಒಂದು ಥರ ನೋಡಿದರು. ಯಾಕೋ ತಿಳಿಯಲಿಲ್ಲ. ನಕ್ಷೆಗೆ ಸಹಿ ಸಂಜೆಯೊಳಗೆ ಬಂತು.

ಮಾರ್ಚ್ 14, ಶನಿವಾರ

ವರದಿ ಮುಗಿಯಿತು, ಒಂದೇ ಪುಟ. ಮೊದಲ ಭಾಗದಲ್ಲಿ ದುರಸ್ತಿ ಸರಿಯಾಗಿತ್ತು, ಒತ್ತಡ ಏರಿದ್ದು ಬಿಸಿಲಿನಿಂದ, ಪರೀಕ್ಷೆ ಹೀಗೆ ಮಾಡಿದೆವು ಎಂದಿದೆ. ಎರಡನೆಯ ಭಾಗದಲ್ಲಿ, ಸೇಫ್ಟಿ ವಾಲ್ವಿನ ಮಿತಿಯನ್ನು ಫಿಟ್ಟರ್ ಯಾರಿಗೂ ಹೇಳದೆ ಏರಿಸಿದ್ದರು, ಅದರಿಂದ ಒಬ್ಬರಿಗೆ ಸುಟ್ಟಿದೆ, ಈಗ ಸರಿಪಡಿಸಲಾಗಿದೆ ಎಂದಿದೆ.

ಎರಡನೆಯದನ್ನು ಬಿಡಬಹುದೇ ಎಂದು ನಿನ್ನೆಯಿಡೀ ನನ್ನನ್ನೇ ಕೇಳಿಕೊಂಡೆ. ಗೆರೆ ಹೊಸದಾಗಿದೆ, ನೋಡಿದವರು ನಾವಿಬ್ಬರೇ. ಆದರೆ ಹೆದರಿದಾಗ ಅದೇ ನಟ್ಟಿಗೆ ಕೈ ಹಾಕುವ ಫಿಟ್ಟರ್ ಇವರೊಬ್ಬರೇ ಇರಲಾರರು. ಇನ್ನೊಂದು ಕಾರ್ಖಾನೆಯ ಭಟ್ಟಿಯ ಮುಂದೆಯೂ ಯಾರೋ ನಿಂತಿರುತ್ತಾರೆ.

ಕಳಿಸುವ ಮೊದಲು ಅವರಿಗೇ ಓದಲು ಕೊಟ್ಟೆ. ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ಇಳಿಸಿ, ತುಟಿ ಆಡಿಸುತ್ತ ಓದಿದರು.

"ಮೊದಲನೇ ಭಾಗ ಚೆನ್ನಾಗಿದೆ. ಎರಡನೇದನ್ನ ಸ್ವಲ್ಪ ಸಣ್ಣಕ್ಷರದಲ್ಲಿ ಹಾಕಕ್ಕಾಗಲ್ವಾ?"

"ಎಲ್ಲಾ ಒಂದೇ ಅಳತೆ."

"ಗೊತ್ತಿತ್ತು." ಕಾಗದ ಮಡಚಿದರು, ಮತ್ತೆ ಬಿಚ್ಚಿದರು. "ಲೈಸೆನ್ಸು ಹೋಗತ್ತಾ?"

"ಗೊತ್ತಿಲ್ಲ. ಹೋಗಬಾರದು ಅಂತಾನೂ ಕೆಳಗೆ ಬರೆದಿದ್ದೀನಿ, ಯಾಕೆ ಅಂತಾನೂ. ಆದರೆ ತೀರ್ಮಾನ ನಿಮ್ಮ ಕಂಪನಿಯದು."

ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮಡಿಕೆ ನೇರ ಮಾಡಿದರು.

"ನಮ್ಮ ಯಜಮಾನ್ರು ಊರಲ್ಲಿಲ್ಲ, ಮಂಗಳವಾರ ಬರ್ತಾರೆ. ನಿಮ್ಮ ಕಾಗದದಿಂದ ಅವರಿಗೆ ಗೊತ್ತಾದ್ರೆ ನಾನು ಕಳ್ಳ. ನಾನೇ ಎದುರಿಗೆ ನಿಂತು ಹೇಳಿದ್ರೆ, ತಪ್ಪು ಮಾಡಿದ ಫಿಟ್ಟರ್. ಎರಡಕ್ಕೂ ಬಹಳ ಫರಕಿದೆ ಮೇಡಂ."

"ಹೇಳ್ತೀರಾ?"

"ಹೇಳ್ಬೇಕು ಅಂತಿದ್ದೀನಿ. ಬಾಗಿಲವರೆಗೆ ಹೋಗಿ ಬಾಯಿ ಬರದೇ ಇದ್ರೆ?"

"ಆಗಲೂ ಬುಧವಾರ ಕಾಗದ ಹೊರಡತ್ತೆ."

ತಲೆಯಾಡಿಸಿದರು. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಭಟ್ಟಿಯಕ್ಕನಿಗೆ ಇವತ್ತೇ ಹೇಳಿಬರ್ತೀನಿ. ಅವಳು ಇಕ್ಕಳ ತಗೊಂಡು ಹೊಡೆದ್ರೆ ನಿಮ್ಮ ವರದಿಗೆ ಮೂರನೇ ಭಾಗ ಸಿಗತ್ತೆ" ಎಂದರು.

ಮ್ಯಾನೇಜರ್ ಫೋನ್ ಮಾಡಿ ವರದಿ ಇವತ್ತೇ ಯಾಕೆ ಹೋಗಲಿಲ್ಲ ಎಂದು ಕೇಳಿದರು. ವಾಲ್ವು ಸರಿಯಿದೆ, ಚೀಲ ಒದ್ದೆಯಿದೆ, ಕಾದರೆ ಯಾರಿಗೂ ಅಪಾಯವಿಲ್ಲ, ನನಗೆ ಮಂಗಳವಾರ ಮುಗಿಯುವವರೆಗೆ ಸಮಯ ಬೇಕು ಎಂದೆ.

ಲಕೋಟೆಯ ಮೇಲೆ ವಿಳಾಸ ಬರೆದಿದ್ದೇನೆ, ಇನ್ನೂ ಅಂಟಿಸಿಲ್ಲ. ರಿಜಿಸ್ಟರ್ ಅಂಚೆಗೆ ಹಾಕುವುದು ಮಾರ್ಚ್ 18, ಬುಧವಾರ.